ಮೂರು ಮೊಳಕ್ಕೆ ನೀರು

ಮೂರನೆಯ ಮೊಳಕ್ಕೆ ಗುದ್ದಲಿ ಪಚಕ್ಕೆಂದಿತು. ಕುಣಿಯೊಳಗಿದ್ದ ಆಳು ಕಾಲೆತ್ತಿ ನೋಡಿದ. ಹೆಜ್ಜೆ ಊರಿದಲ್ಲೆಲ್ಲ ನೀರು ಒಸರುತ್ತಿತ್ತು. ಇನ್ನೆರಡು ಬುಟ್ಟಿ ಮಣ್ಣು ಎತ್ತುವಷ್ಟರಲ್ಲಿ ಅವನ ಮೀನಖಂಡ ಮುಳುಗಿತು.

"ಯಕ್ಕಾ, ನೀರು ಬಿದ್ದಾವ," ಎಂದ.

"ಬಾವಿ ತೋಡಾಕ ಹೇಳಿದ್ದೆನೇನು ನಿನಗ?" ಎಂದಳು ಅಮರಮ್ಮ.

ಅವಳ ಗಂಡ ಅಯ್ಯಣ್ಣ ಹತ್ತು ಮಾರು ಆಚೆ ಜಾಲಿಯ ನೆರಳಲ್ಲಿ ಚಟ್ಟದ ಮೇಲೆ ಮಲಗಿದ್ದ. ಬೆಳಿಗ್ಗೆ ರಾಯಚೂರಿನ ಮನೆಯಿಂದ ಟೆಂಪೋದಲ್ಲಿ ತಂದಿದ್ದರು. ಮಣ್ಣು ಪರೀಕ್ಷೆಯವರ ಕೈಕೆಳಗೆ ನಲವತ್ತು ವರ್ಷ ತಗ್ಗು ತೋಡಿದ ಮನುಷ್ಯ, ಹಿರೇಕೊಟ್ನೆಕಲ್ ಹತ್ತಿರದ ತನ್ನ ಹುಟ್ಟೂರಿನಲ್ಲೇ ಮಣ್ಣಾಗಬೇಕೆಂದು ಆಸೆಪಟ್ಟಿದ್ದ. ಬಂದು ನೋಡಿದರೆ ಇಲ್ಲಿ ಕೆಸರಿತ್ತು.

ಜಾಗದ ಹೆಸರು ಹೊಸ ರುದ್ರಭೂಮಿ. ಹಳೆಯದನ್ನು ಹಳ್ಳ ಕೊರೆದುಕೊಂಡು ಹೋದ ಮೇಲೆ ಸರ್ಕಾರ ಊರ ಧಣಿ ಪ್ರಭುರಾಜನಿಂದ ಎರಡು ಎಕರೆ ಕೊಂಡು ಕೇರಿಯವರಿಗೆ ಕೊಟ್ಟಿತ್ತು. ಸುತ್ತ ಕಾಂಪೌಂಡು, ಮುಂದೆ ಕಬ್ಬಿಣದ ಗೇಟು, ಗೇಟಿನ ಮೇಲೆ ಕಮಾನು, ಕಮಾನಿನ ಮೇಲೆ ಉದ್ಘಾಟನೆಗೆ ಬಂದವರ, ಬರದಿದ್ದವರ ಹೆಸರು. ಕೈಕಾಲು ತೊಳೆಯಲು ನಳ, ಕೂರಲು ಸಿಮೆಂಟಿನ ಬೆಂಚು. ಸತ್ತವನಿಗೆ ಬೇಕಾದ ಒಣ ನೆಲವೊಂದನ್ನು ಬಿಟ್ಟು ಎಲ್ಲವೂ ಇತ್ತು. ಕಾಂಪೌಂಡಿನಾಚೆ ಮೂರೂ ಕಡೆ ಪ್ರಭುರಾಜನ ಭತ್ತ ಪಾದ ಮುಳುಗುವಷ್ಟು ನೀರಿನಲ್ಲಿ ಹಸಿರಾಗಿ ನಿಂತಿತ್ತು. ಈಚೆ ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಉಪ್ಪು. ಇದು ಸವಳು ಬಿದ್ದ ನೆಲ ಎಂದು ತಿಳಿಯಲು ವಿಜ್ಞಾನಿ ಬೇಕಿಲ್ಲ, ಕುರಿಗೂ ಗೊತ್ತಾಗುತ್ತದೆ. ರುದ್ರಭೂಮಿ ತೆರೆದು ಎಂಟು ತಿಂಗಳಾಗಿತ್ತು. ಮೊದಲ ಗಿರಾಕಿ ಅಯ್ಯಣ್ಣನೇ.

ನೀರು ಬಿದ್ದ ಸುದ್ದಿ ಕೇಳಿ ಅಯ್ಯಣ್ಣನ ತಂಗಿ ಮಾರೆಮ್ಮ ಎದೆ ಬಡಿದುಕೊಂಡಳು. "ಅಯ್ಯೋ ನನ್ನಣ್ಣಾ! ನಿನ್ನ ನೀರಾಗ ನೆನಿಯಾಕ ಹಾಕತಾರಲ್ಲೋ!" ನಾಲ್ಕು ಹೆಂಗಸರು ದನಿಗೂಡಿಸಿದರು. ಗಂಡಸರು ಕುಣಿಯ ಸುತ್ತ ನಿಂತು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಒಬ್ಬ ನೋಡಿದರೆ ಸಾಲದು, ನೀರು ಹೌದೋ ಅಲ್ಲವೋ ಎಂದು ಎಲ್ಲರೂ ಖಾತ್ರಿ ಮಾಡಿಕೊಳ್ಳಬೇಕು. ಬೇರೆ ಕಡೆ ತೋಡಿ ನೋಡೋಣ ಎಂದರು. ಮೂಡಣ ಮೂಲೆಯಲ್ಲಿ ತೋಡಿದರು, ಮೂರು ಮೊಳಕ್ಕೆ ನೀರು. ಗೇಟಿನ ಪಕ್ಕ ತೋಡಿದರು, ಎರಡೂವರೆಗೇ ಬಂತು.

ಅಷ್ಟರಲ್ಲಿ ರಾಯಚೂರಿನಿಂದ ಡಾಕ್ಟರ್ ಹನುಮಂತ್ರಾಯ ಕಾರಿನಲ್ಲಿ ಬಂದಿಳಿದ. ರೋಗ ನೋಡುವ ಡಾಕ್ಟರನಲ್ಲ, ಮಣ್ಣು ಓದಿದ ಡಾಕ್ಟರ್. ನಿವೃತ್ತನಾಗಿ ಹದಿನೈದು ವರ್ಷವಾಗಿದ್ದರೂ ಅಂಗಿಯ ಇಸ್ತ್ರಿ ಇನ್ನೂ ನಿವೃತ್ತವಾಗಿರಲಿಲ್ಲ. ಅಯ್ಯಣ್ಣನ ಎದೆಯ ಮೇಲೆ ಹಾರವಿಟ್ಟು, ಕುಣಿಯತ್ತ ಬಂದು, ಅಂಚಿನಿಂದ ಎರಡು ಹೆಜ್ಜೆ ಹಿಂದೆಯೇ ನಿಂತ.

"ನೋಡಮ್ಮಾ, ಮಳಿಗಾಲದಾಗ ಅಂತರ್ಜಲ ಮ್ಯಾಲ ಬರೋದು ಸಹಜ," ಎಂದ. "ಈ ಎರಿಮಣ್ಣಿನ ಗುಣನ ಅಂಥಾದ್ದು. ನೀರು ಬಸಿಯಂಗಿಲ್ಲ."

"ಅದನ್ನ ನನ್ನ ಗಂಡನೂ ಹೇಳತಿದ್ನಲ್ರೀ ಸಾಹೇಬ್ರ. ಈಗೇನು ಮಾಡಬೇಕು, ಅದನ್ನ ಹೇಳ್ರಿ."

ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡ. "ದಹನ ಮಾಡಿದ್ರ ಹೆಂಗ?"

"ಹುಟ್ಟಿದಾಗಿಂದ ಮಣ್ಣಾಗ ಇದ್ದವಗ ಈಗ ಬೆಂಕಿ ಹಚ್ಚೂನೇನ್ರೀ?"

ಅವನು ಕನ್ನಡಕ ಹಾಕಿಕೊಂಡು ಸಿಮೆಂಟಿನ ಬೆಂಚಿಗೆ ಹೋಗಿ ಕೂತ. ಈ ಮನುಷ್ಯನ ಹತ್ತಿರ ಆದದ್ದಕ್ಕೆಲ್ಲ ಒಂದು ಹೆಸರಿರುತ್ತದೆ, ಆಗಬೇಕಾದ್ದಕ್ಕೆ ಒಂದು ಮಾತಿರುವುದಿಲ್ಲ ಎಂದುಕೊಂಡಳು ಅಮರಮ್ಮ. ಅವಳು ಅವನನ್ನು ನಲವತ್ತು ವರ್ಷಗಳಿಂದ ಬಲ್ಲಳು.

*

ಮದುವೆಯಾದ ಎರಡನೆಯ ವರ್ಷ ಅವಳು ಗಂಡನ ಜೊತೆ ದೇವದುರ್ಗದ ಕಡೆ ಹೋಗಿದ್ದಳು. ಆ ಭಾಗಕ್ಕೆ ಕೃಷ್ಣೆಯ ಕಾಲುವೆ ಬರುವುದಿತ್ತು. ಬರುವ ಮೊದಲು ನೆಲ ನೀರು ತಾಳುತ್ತದೋ ಇಲ್ಲವೋ ನೋಡಬೇಕೆಂದು ಸರ್ವೆ ನಡೆದಿತ್ತು. ಫರ್ಲಾಂಗಿಗೊಂದರಂತೆ ಆಳುದ್ದದ ತಗ್ಗು. ಅಯ್ಯಣ್ಣ ತೋಡುವವನು, ಅವಳು ಬುಟ್ಟಿ ಹೊರುವವಳು. ಹನುಮಂತ್ರಾಯ ಆಗಿನ್ನೂ ಡಾಕ್ಟರ್ ಆಗಿರಲಿಲ್ಲ. ಮಡಚುವ ಕುರ್ಚಿಯ ಮೇಲೆ ಕೊಡೆ ಹಿಡಿದು ಕೂತು, ಬಣ್ಣದ ಚೀಟಿಗಳನ್ನು ಅಂಟಿಸಿದ ಒಂದು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಮೇಲಿನಿಂದ ಕೂಗುತ್ತಿದ್ದ.

"ಅಯ್ಯಣ್ಣಾ, ಎರಡನೇ ಪದರ?"

"ಕರೇದು ಸಾಹೇಬ್ರ. ಹಸಿ ಮಾಡಿದ್ರ ಬೆಲ್ಲದ ಪಾಕದಂಗ ಅಂಟತದ."

"ಬೆಲ್ಲ ಅಂತ ಬರಿಲೇನು? ಒಂದು ಹೆಂಟಿ ಕೊಡು ಮ್ಯಾಲ."

ಹೆಂಟೆಯನ್ನು ಚೀಟಿಗಳ ಪಕ್ಕ ಹಿಡಿದು ನೋಡಿ ಇಂಗ್ಲಿಷಿನಲ್ಲಿ ಏನೋ ಬರೆಯುತ್ತಿದ್ದ. ಕಣ್ಣೆದುರಿನ ಕಪ್ಪನ್ನು ಕಪ್ಪು ಎನ್ನಲು ಈ ಮನುಷ್ಯನಿಗೆ ಪುಸ್ತಕ ಬೇಕಲ್ಲ ಎಂದು ಅಮರಮ್ಮನಿಗೆ ನಗು ಬರುತ್ತಿತ್ತು.

ಈ ಕೆಲಸ ಅಯ್ಯಣ್ಣನ ಮನೆತನಕ್ಕೆ ಹೊಸದಲ್ಲ. ನಿಜಾಮನ ಕಾಲದಲ್ಲಿ ಅವನ ಮುತ್ತಜ್ಜ ಸರ್ವೆಯವರ ಸರಪಳಿ ಹಿಡಿದವನು. ಆಗ ಮಣ್ಣಿಗೆ ಆಣೆಯ ಲೆಕ್ಕದಲ್ಲಿ ದರ್ಜೆ ಹಾಕುತ್ತಿದ್ದರಂತೆ, ಹದಿನಾರಾಣೆಯ ಕರಿ ಎರೆ, ಎಂಟಾಣೆಯ ಕೆಂಪು ಮಸಾರಿ ಎಂದು. ಕಂದಾಯ ಎಷ್ಟು ಹಿಂಡಬಹುದೆಂದು ಅವರು ಮಣ್ಣು ನೋಡಿದರು. ಆಮೇಲಿನವರು ನೀರು ಎಷ್ಟು ಬಿಡಬಹುದೆಂದು ನೋಡಿದರು. ಈಗಿನವರು ಗೊಬ್ಬರ ಎಷ್ಟು ಮಾರಬಹುದೆಂದು ನೋಡುತ್ತಾರೆ. ನೋಡುವ ಸಾಹೇಬರು ಬದಲಾದರು, ತೋಡುವ ಮನೆತನ ಮಾತ್ರ ಒಂದೇ ಉಳಿಯಿತು.

ಅಯ್ಯಣ್ಣ ತೋಡಿ ಸುಮ್ಮನಿರುವ ಜಾತಿಯವನಾಗಿದ್ದರೆ ಚೆನ್ನಾಗಿತ್ತು. ಒಂದು ಸಂಜೆ ತಗ್ಗಿನ ಸುತ್ತ ಸೇರಿದ ರೈತರಿಗೆ ಅವನೇ ಹೇಳಿಬಿಟ್ಟ. "ತಳದಾಗ ಉಪ್ಪು ಅದರಿ. ಕಾಲವಿ ಬಂದ ಮ್ಯಾಲ ನೆಲ್ಲು ಹಚ್ಚಬ್ಯಾಡ್ರಿ. ಜ್ವಾಳ ಹಾಕ್ರಿ, ಹತ್ತಿ ಹಾಕ್ರಿ. ನೀರು ನಿಲ್ಲಿಸಿದ್ರೋ, ಉಪ್ಪು ಮ್ಯಾಲೆದ್ದು ಬರತದ."

ರೈತರು ಬಿದ್ದು ಬಿದ್ದು ನಕ್ಕರು. "ಕಾಲವಿ ಬರೂಕಿಂತ ಮೊದಲ ಇವನ ಹೊಟ್ಟಿಕಿಚ್ಚು ನೋಡ್ರಿ! ನಾವು ಅನ್ನ ಉಣ್ಣೂದು ಇವಗ ಬ್ಯಾಡಾಗ್ಯಾದ!"

ಹನುಮಂತ್ರಾಯ ನಗಲಿಲ್ಲ, ಗದರಿಸಿದ. "ಅದನ್ನ ಹೇಳೂದು ನಿನ್ನ ಕೆಲಸಲ್ಲ. ಎಲ್ಲಾ ವರದಿಯಾಗ ಬರತದ."

ಬಂತು. ಮೂರು ವರ್ಷದ ಮೇಲೆ, ಮುನ್ನೂರು ಪುಟ, ಇಂಗ್ಲಿಷಿನಲ್ಲಿ. ಅಯ್ಯಣ್ಣ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಹನುಮಂತ್ರಾಯ ಮುನ್ನೂರು ಪುಟದಲ್ಲಿ ಹೇಳಿ ಡಾಕ್ಟರ್ ಆದ. ವರದಿ ಕಪಾಟು ಸೇರಿತು, ರೈತರು ಭತ್ತ ನಾಟಿ ಮಾಡಿದರು, ಉಪ್ಪು ಹೇಳಿದ ಹೊತ್ತಿಗೆ ಮೇಲೆದ್ದು ಬಂತು. ವರದಿಯ ಮೊದಲ ಪುಟದಲ್ಲಿ ಡ್ರೈವರನಿಂದ ಹಿಡಿದು ಟೈಪಿಸ್ಟನವರೆಗೆ ಎಲ್ಲರ ಉಪಕಾರ ನೆನೆದಿದ್ದ. ಆಫೀಸಿನ ಗುಮಾಸ್ತನೊಬ್ಬ ಓದಿ ಹೇಳಿದಾಗ ಅಮರಮ್ಮ ಗಂಡನನ್ನು ಕೇಳಿದ್ದಳು, "ನಿನ್ನ ಹೆಸರು ಎಲ್ಲಿ ಅದ?"

"ಹೆಸರು ಯಾಕ? ತಗ್ಗು ನಂದ ಅಲ್ಲೇನು," ಎಂದಿದ್ದ ಅಯ್ಯಣ್ಣ, ಅದೇನೋ ದೊಡ್ಡ ಗೆಲುವು ಎಂಬಂತೆ. ಅವತ್ತು ಅವಳು ಅವನನ್ನು ಒಂದು ಪೆದ್ದು ಎತ್ತನ್ನು ನೋಡುವಂತೆ ನೋಡಿದ್ದಳು. ಆಮೇಲಿನ ಇಷ್ಟೂ ವರ್ಷ ಆ ನೋಟವನ್ನು ಬದಲಿಸುವ ಅಗತ್ಯ ಅವಳಿಗೆ ಕಂಡಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಪ್ರಭುರಾಜನೇ ಜೀಪಿನಲ್ಲಿ ಬಂದ. ಸಿರವಾರದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡ ಮೇಲೆ ಊರಿನ ಸಾವಿಗೆ ಅವನು ಬರುವುದೇ ಅಪರೂಪ. ಹಿಂದೆ ಟ್ರಾಲಿಯಲ್ಲಿ ಡೀಸೆಲ್ ಪಂಪು, ಸುರುಳಿ ಪೈಪು ಬಂದವು.

"ಇಷ್ಟಕ್ಕ ಅಳ್ತಾರೇನ್ಬೇ? ಅರ್ಧ ತಾಸಿನಾಗ ಎಳದು ಒಗಿತದ," ಎಂದ.

ಪಂಪು ಹೊಗೆ ಕಾರುತ್ತ ಹೊಡೆದುಕೊಂಡಿತು. ಅಯ್ಯಣ್ಣನ ಕುಣಿಯ ನೀರು ಪೈಪಿನಲ್ಲಿ ಹರಿದು ಕಾಂಪೌಂಡು ದಾಟಿ ಪ್ರಭುರಾಜನ ಭತ್ತಕ್ಕೇ ಬಿತ್ತು. ಯಾವುದೂ ದಂಡವಾಗಬಾರದು ನೋಡಿ. ಕುಣಿಯ ತಳ ಕಂಡಿತೆಂದು ಪಂಪು ನಿಲ್ಲಿಸಿದರು. ನೂರು ಎಣಿಸುವಷ್ಟರಲ್ಲಿ ನೀರು ಮತ್ತೆ ಮೊದಲಿನಷ್ಟೇ ನಿಂತಿತು.

ಕೇರಿಯ ಹಿರಿಯನೊಬ್ಬ ತಲೆ ಕೆರೆದುಕೊಂಡ. "ಅಲ್ಲಾ, ಹನ್ನೆರಡು ಅಡಿತನ ನೀರಿಲ್ಲ ಅಂತ ಕಾಗದ ಅದಲ್ಲ? ನಮ್ಮ ಕಿರಣಕುಮಾರನ ಬರದು ಕೊಟ್ಟಾನ."

ಎಲ್ಲರ ಮುಖವೂ ಅಯ್ಯಣ್ಣನ ಮಗನ ಕಡೆ ತಿರುಗಿತು. ಕಿರಣಕುಮಾರ ಫೋನಿನಿಂದ ತಲೆಯೆತ್ತಿದ. ಕೃಷಿ ಡಿಪ್ಲೊಮಾ ಮಾಡಿ ಮಾನ್ವಿಯ ಒಂದು ಕಚೇರಿಯಲ್ಲಿ ಮಣ್ಣು ಪರೀಕ್ಷೆಯ ಸಹಾಯಕನಾಗಿದ್ದ. ರೈತರ ಹೊಲದ ಮಣ್ಣಿನ ಗುಣವನ್ನು ಕಾರ್ಡಿನ ಮೇಲೆ ಅಚ್ಚು ಹಾಕಿ ಹಂಚುವುದು ಅವನ ಕೆಲಸ.

"ಆವಾಗ ಇರಲಿಲ್ಲ," ಎಂದ.

"ಹಂಗಾದ್ರ ಈ ವರ್ಷದ ಮಳಿ," ಎಂದರು ಒಬ್ಬರು. "ಕಾಲವಿ ಒಡದಿರಬೇಕು," ಎಂದರು ಇನ್ನೊಬ್ಬರು. "ವೈಜ್ಞಾನಿಕವಾಗಿ ಎರಡೂ ಸಾಧ್ಯ," ಎಂದ ಬೆಂಚಿನ ಮೇಲಿನಿಂದ ಡಾಕ್ಟರ್. ಓದಿದವನು ಬರೆದದ್ದು ಸುಳ್ಳಿರಬಹುದೆಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಅಮರಮ್ಮ ಮಗನ ಮುಖವನ್ನೇ ನೋಡುತ್ತ ಕೂತಿದ್ದಳು. ಅವಳಿಗೆ ಗೊತ್ತಿತ್ತು.

*

ಎರಡು ವರ್ಷದ ಹಿಂದೆ ಒಂದು ಶನಿವಾರ, ಕಿರಣಕುಮಾರ ಮಾನ್ವಿಯಿಂದ ಬಸ್ಸಿಳಿದು ರಾಯಚೂರಿನ ಮನೆಗೆ ಬಂದವನೇ ಕಾಗದದ ಮಾತೆತ್ತಿದ್ದ. ಊರಿನ ಹೊಸ ರುದ್ರಭೂಮಿಗೆ ಹೊಲ ನೋಡಿದ್ದಾರೆ, ಹೆಣ ಹೂಳಲು ಯೋಗ್ಯವೋ ಅಲ್ಲವೋ ಎಂದು ತಗ್ಗು ತೋಡಿ ನೋಡಿ ಬರೆದುಕೊಡುವ ಕೆಲಸ ತನಗೇ ಬಂತು ಎಂದ.

ಅಯ್ಯಣ್ಣ ಉಣ್ಣುವ ಕೈ ನಿಲ್ಲಿಸಿದ. "ಯಾವ ಹೊಲ?"

"ಪ್ರಭುರಾಜ ಧಣೇರದು. ಕೆಳಗಿಂದು."

"ಅಲ್ಲಿ ಮೂರು ಕಡೆ ನೆಲ್ಲು ಅದಲ್ಲೋ. ನೀರು ಎಷ್ಟಕ್ಕ ಬಂದ್ವು?"

"ಹನ್ನೆರಡು ಅಡಿ ತೋಡಿಸಿದೆ. ಬರಲಿಲ್ಲ."

"ಬರಲಿಲ್ಲಾ?"

"ಇಲ್ಲಪ್ಪಾ. ನಾನ ಇಳಿದು ನೋಡೀನಿ."

ಅಯ್ಯಣ್ಣ ಮತ್ತೆ ರೊಟ್ಟಿ ಮುರಿದ. ಸಾಹೇಬರ ಒಂದು ಕಾಗದವನ್ನೂ ನಂಬದವನು, ತಗ್ಗಿಗೆ ಇಳಿದೆ ಎಂದ ಮಗನನ್ನು ನಂಬಿದ. ನಲವತ್ತು ವರ್ಷ ತಾನು ಕಂಡ ನೆಲವೇ ತಪ್ಪಿರಬೇಕು ಎಂದುಕೊಂಡ. ಮರುದಿನದಿಂದ ಸಿಕ್ಕವರಿಗೆಲ್ಲ ಅದೇ ಹೇಳಿದ. "ನನ್ನ ಮಗ ಕುರ್ಚಿ ಮ್ಯಾಲ ಕೂತು ಬರಿಯೂನಲ್ಲ. ತಾನ ಇಳಿದು ನೋಡ್ಯಾನ." ಊರಿಗೆ ಹೋಗಿ ಕೇರಿಯವರ ಅನುಮಾನವನ್ನೂ ಅವನೇ ಕಳೆದು ಬಂದ. ಬೇರೆ ಜಾಗ ಕೇಳೋಣ ಎಂದು ಪಟ್ಟು ಹಿಡಿದಿದ್ದವರು ಅಯ್ಯಣ್ಣನ ಮಾತಿಗೆ ಸುಮ್ಮನಾದರು.

ಆ ಭಾನುವಾರ ಅಮರಮ್ಮ ಬಟ್ಟೆ ಒಗೆಯಲು ಕೂತಾಗ ಮಗನ ಪ್ಯಾಂಟು ಕೈಗೆ ಬಂತು. ಎರೆಮಣ್ಣಿನ ತಗ್ಗಿಗೆ ಇಳಿದವನ ಬಟ್ಟೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಲ್ಲಿಗೆ ಬಡಿದರೂ, ಸೋಡಾದಲ್ಲಿ ಕುದಿಸಿದರೂ ಆ ಕಲೆ ಹೋಗುವುದಿಲ್ಲ. ಗಂಡನನ್ನು ಬೈದುಕೊಂಡೇ ಅಂಥ ಬಟ್ಟೆಗಳಲ್ಲಿ ಅವಳ ಕೈ ಸವೆದಿತ್ತು. ಮಗನ ಪ್ಯಾಂಟಿನಲ್ಲಿ ಬಸ್ಸಿನ ಸೀಟಿನ ಧೂಳು ಬಿಟ್ಟರೆ ಏನೂ ಇರಲಿಲ್ಲ. ಆ ನೌಕರಿ ಕೊಡಿಸಿದವನು ಪ್ರಭುರಾಜ. ಅವನು ಒಂದು ಫೋನು ಮಾಡಿರಬೇಕು, ಇವನು ಕೂತಲ್ಲೇ ಬರೆದಿರಬೇಕು. ಎಲ್ಲವೂ ಆ ಕ್ಷಣವೇ ಅವಳಿಗೆ ತಿಳಿಯಿತು.

ತಿಳಿದು ಅವಳಿಗೆ ಸಂತೋಷವಾಯಿತು. ಸುಳ್ಳೇಕೆ? ಈ ಮನೆತನದಲ್ಲಿ ಕಡೆಗೂ ಒಬ್ಬ ಕೆಸರು ಮುಟ್ಟದೆ ಉಣ್ಣುವಂತಾದ ಎಂದು ಹಿಗ್ಗಿದಳು. ಪ್ಯಾಂಟನ್ನು ಹಿಂಡಿ ತಂತಿಯ ಮೇಲೆ ಹರವಿದಳು. ಗಂಡ ಪಕ್ಕದ ಮನೆಯ ಸರ್ವರಿ ಬೇಗಮ್ಮನ ಮುಂದೆ ಮಗನ ಗುಣಗಾನ ಮಾಡುವುದು ಅಲ್ಲಿಗೇ ಕೇಳುತ್ತಿತ್ತು.

*

"ಲಗು ಲಗು ಇಳಿಸಿಬಿಡೂನು," ಎನ್ನುತ್ತಿದ್ದ ಕೇರಿಯ ಹಿರಿಯ. "ಪಂಪು ಚಾಲೂ ಇರಲಿ. ಇಳಿಸಿದ ಕೂಡಲೆ ಎದಿ ಮ್ಯಾಲೊಂದು ಬಂಡಿಗಲ್ಲು ಇಡೂನು. ತೇಲಂಗಿಲ್ಲ."

"ಹೂಂ, ಅದ ಛಲೋ," ಎಂದ ಕಿರಣಕುಮಾರ.

ಗಂಡಸರು ಚಟ್ಟಕ್ಕೆ ಕೈ ಹಾಕಿದರು. ಒಬ್ಬ ಕಲ್ಲು ತರಲು ಗೇಟಿನ ಕಡೆ ನಡೆದ. ಅಮರಮ್ಮ ಎದ್ದು ನಿಂತಳು.

"ಕೈ ತಗೀರಿ. ನೀರಾಗ ಹಚ್ಚಾಕ ಇವನೇನು ನೆಲ್ಲಿನ ಸಸಿ ಏನು?"

"ಮತ್ತೇನು ಮಾಡೂನು ಅತ್ತಿಗಿ?" ಎಂದು ಮಾರೆಮ್ಮ ಅಳುತ್ತಲೇ ಕೇಳಿದಳು. "ನೀರು ಬಂದಾವಲ್ಲ, ಯಾರೇನು ಮಾಡಾಕಾಗತದ?"

"ನೀರು ಈಗ ಬಂದಿಲ್ಲ ಮಾರೆವ್ವಾ. ಅವು ಮೊದಲಿಂದ ಇಲ್ಲೇ ಅದಾವ." ಅವಳು ಮಗನ ಕಡೆ ಬೆರಳು ತೋರಿಸಿದಳು. "ಇವ ತಗ್ಗು ತೋಡಿಲ್ಲ. ಇಲ್ಲಿ ಕಾಲಿಟ್ಟಿಲ್ಲ. ಕೂತಲ್ಲೇ ಬರದಾನ."

ಕಿರಣಕುಮಾರ ಓಡಿ ಬಂದು ಅವಳ ತೋಳು ಹಿಡಿದ. "ಯವ್ವಾ, ಮನ್ಯಾಗ ಮಾತಾಡೂನು ನಡಿ."

"ಮನ್ಯಾಗ ಮುಚ್ಚಿಟ್ಟಿದ್ದಕ್ಕ ಇಲ್ಲಿ ನೀರು ಬಂದಾವ. ಬಿಡು ಕೈ." ಅವಳು ಜನರ ಕಡೆ ತಿರುಗಿದಳು. "ನನಗ ಗೊತ್ತಿತ್ತು. ನನಗ ಆವತ್ತ ಗೊತ್ತಿತ್ತು. ನನ್ನ ಗಂಡ ಒಬ್ಬವಗ ಗೊತ್ತಿರಲಿಲ್ಲ. ಮಗ ಇಳಿದು ನೋಡ್ಯಾನಂತ ಊರೆಲ್ಲಾ ಹೇಳಿಕೋತ ತಿರುಗಿದ ಹುಚ್ಚ."

ಪ್ರಭುರಾಜ ಜೀಪಿನ ಕಡೆ ಮೆಲ್ಲಗೆ ಸರಿಯುತ್ತಿದ್ದ.

"ಧಣೇರ, ಸ್ವಲ್ಪ ನಿಂದರ್ರಿ," ಎಂದಳು. "ಗುಡ್ಡದ ಬುಡದಾಗ ನಿಮ್ಮ ಕಣ ಅದಲ್ಲ, ಅಲ್ಲಿ ಹಾಕ್ತೀವಿ. ಅಲ್ಲಿ ಗರಸು ಅದ, ನೀರು ನಿಲ್ಲಂಗಿಲ್ಲ."

"ತಲಿ ಗಿಲಿ ಕೆಟ್ಟದೇನ್ಬೇ? ನೆಲ್ಲು ಒಣಗಿಸೂ ಕಣ ಅದು. ನಂದು."

"ಅದು ಗೈರಾಣ. ದನ ಮೇಯೂ ಜಾಗ ನಿಮ್ಮದು ಯಾವಾಗ ಆತ್ರಿ? ಇರಲಿ, ಆ ಮಾತು ಬ್ಯಾಡ. ನಾಳಿ ಮುಂಜಾನಿ ಮೊದಲ ಬಸ್ಸಿಗೆ ಮಾನ್ವಿಗೆ ಹೋಗಿ ನಾನ ಹೇಳ್ತೀನಿ. ಬರದವ ನನ್ನ ಮಗ, ಸವಳು ಹೊಲ ಸರ್ಕಾರಕ್ಕ ದಾಟಿಸಾಕ ಬರಿಸಿದವರು ನೀವು. ಅವನ ನೌಕರಿ ಹೋಗತದ, ಹೋಗಲಿ. ನಿಮ್ಮದು ಏನೇನು ಹೋಗತದ, ನೀವ ಯೋಚನಿ ಮಾಡ್ರಿ."

ಪ್ರಭುರಾಜ ಯೋಚನೆ ಮಾಡಿದ. ಅರವತ್ತು ಜನ ನೋಡುತ್ತಿದ್ದರು, ಮೂರ್ನಾಲ್ಕು ಫೋನುಗಳೂ ಅವನ ಕಡೆ ತಿರುಗಿದ್ದವು. ಹೊಲ ಮಾರುವಾಗ ತೋರಿದ ಜಾಣತನವೇ ಈಗಲೂ ಅವನ ಕೈಹಿಡಿಯಿತು. "ಸತ್ತವನ ಮುಂದ ಜಗಳ್ಯಾಕ? ಹಾಕ್ಕೋರಿ ಹೋಗ್ರಿ," ಎಂದು, ದಾನ ಕೊಟ್ಟವನ ಗತ್ತಿನಲ್ಲಿ ಜೀಪು ಹತ್ತಿದ. ಪಂಪು ಕೊಂಡೊಯ್ಯಲು ಮಾತ್ರ ಮರೆಯಲಿಲ್ಲ.

ಡಾಕ್ಟರ್ ಬೆಂಚಿನಿಂದೆದ್ದು ಬಂದ. "ಅಮರಮ್ಮಾ, ಅಲ್ಲಿ ಕೆಳಗ ಬಂಡಿಗಲ್ಲು ಇರಬಹುದು. ಯಾವುದಕ್ಕೂ ಮಣ್ಣಿನ ನಕ್ಷೆ ನೋಡಿ..."

"ಆ ನಕ್ಷೆದಾಗ ಈ ಹೊಲ ಹೆಂಗದ ಸಾಹೇಬ್ರ?"

ಅವನು ಫೋನು ತೆಗೆದು ಬೆರಳಾಡಿಸಿ ನೋಡಿದ. ನೋಡಿದವನು ಓದಿ ಹೇಳದೆ ಜೇಬಿಗಿಟ್ಟುಕೊಂಡ, ಅಲ್ಲೂ ಈ ಹೊಲ ಒಣ ನೆಲವೆಂದೇ ಇದ್ದಿರಬೇಕು. ಊಟದ, ಮಾತ್ರೆಯ ಹೊತ್ತಾಯಿತೆಂದು ಸ್ವಲ್ಪ ಹೊತ್ತಿಗೆ ಅವನ ಕಾರೂ ಹೋಯಿತು.

ಹೆಣ ಮತ್ತೆ ಹೆಗಲೇರಿತು. ಅರ್ಧ ಹರದಾರಿ ಏರು. ಮುಂದೆ ಹೆಣ, ಹಿಂದೆ ಭಜನೆಯವರ ತಾಳ, ಎಲ್ಲರಿಗಿಂತ ಹಿಂದೆ ಕಿರಣಕುಮಾರ. ಗುಡ್ಡದ ಬುಡದಲ್ಲಿ ಸಗಣಿ ಸಾರಿಸಿದ ಕಣ ಬೋಳಾಗಿ ಬಿದ್ದಿತ್ತು. ಅದರ ಬಡಗಣ ಅಂಚಿನಲ್ಲಿ ಅಮರಮ್ಮ ಕಾಲಿನಿಂದ ಗೆರೆ ಎಳೆದಳು. ಆಳುಗಳು ಗುದ್ದಲಿ ಎತ್ತಿದರು.

"ಯಾರೂ ಮುಟ್ಟಬ್ಯಾಡ್ರಿ," ಎಂದಳು. ಒಬ್ಬನ ಕೈಯಿಂದ ಗುದ್ದಲಿ ಕಸಿದು ಮಗನ ಕಾಲ ಬಳಿ ಒಗೆದಳು. "ತೋಡು."

"ಯವ್ವಾ, ನನಗ..."

"ಗೊತ್ತಾತು. ತೋಡು."

ನುರುಜುಗಲ್ಲಿನ ಗರಸು ನೆಲ ಗಟ್ಟಿ. ಗುದ್ದಲಿ ಬಿದ್ದಲ್ಲಿ ಕಿಡಿ ಹಾರಿತೇ ಹೊರತು ಮಣ್ಣು ಬಿಡಲಿಲ್ಲ. ಮೊದಲ ಮೊಳಕ್ಕೇ ಒಂದು ತಾಸು ಹಿಡಿಯಿತು. ಗುದ್ದಲಿ ಹಿಡಿಯುವ ಹದವೇ ಅವನಿಗೆ ಗೊತ್ತಿರಲಿಲ್ಲ, ನೋಡುತ್ತ ನಿಂತ ಗಂಡಸರಿಗೆ ಕೈ ತುರಿಸುತ್ತಿತ್ತು. ಒಬ್ಬ ಮರುಕದಿಂದ ಮುಂದೆ ಬಂದ, ಅಮರಮ್ಮನ ಕಣ್ಣು ನೋಡಿ ಹಿಂದೆ ಸರಿದ. ಎರಡನೆಯ ಮೊಳಕ್ಕೆ ಅಂಗೈಯ ಬೊಕ್ಕೆ ಒಡೆದು ಹಿಡಿಕೆ ಕೆಂಪಾಯಿತು. ಅವನು ಅಳುತ್ತಿದ್ದ. ಅಪ್ಪನಿಗಾಗಿಯೋ ಅಂಗೈಗಾಗಿಯೋ ಯಾರಿಗೆ ಗೊತ್ತು, ಅವಳು ಕೇಳಲೂ ಇಲ್ಲ. ಹೆತ್ತವಳೇ ಅವಳು. ಆದರೂ ಸಾಕು ಎನ್ನಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವನ ಎದೆಯವರೆಗೆ ಆಳವಾಯಿತು. ದೂರದ ಊರಿನವರು ಬಸ್ಸಿನ ಹೊತ್ತು ನೋಡಿಕೊಳ್ಳುತ್ತಿದ್ದರು.

"ಯವ್ವಾ, ಸಾಕೇನು? ನೀರಿಲ್ಲ ಇಲ್ಲಿ. ಒಣಾ ಅದ," ಎಂದು ಒಳಗಿನಿಂದ ಕೇಳಿದ.

"ನೀ ಮ್ಯಾಲ ಬಾ."

ಅವನು ಹತ್ತಿ ಬಂದು ಅಂಚಿನಲ್ಲಿ ಕುಸಿದು ಕೂತ. ಅವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಯಾರ ಆಸರೆಯೂ ಇಲ್ಲದೆ ಕುಣಿಯೊಳಗೆ ಇಳಿದಳು. ತಳದಲ್ಲಿ ಕೂತು ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಳು. ತಲೆಕಡೆ ಒತ್ತಿದಳು, ಕಾಲಕಡೆ ಒತ್ತಿದಳು, ನಡುವೆಯೂ ಒತ್ತಿದಳು. ಕೈಯೆತ್ತಿ ನೋಡಿಕೊಂಡರೆ ಬರೀ ಧೂಳಿತ್ತು.

"ತರ್ರಿ ಅವನ್ನ," ಎಂದಳು.

ಹೊತ್ತವರು ಚಟ್ಟ ಎತ್ತ ಹೋದರು. ಅವಳು ಮೇಲೆ ಬರಲೆಂದು ಕಿರಣಕುಮಾರ ಮೊಣಕಾಲೂರಿ ಬಗ್ಗಿ ಕೈ ಚಾಚಿದ. ತೊಗಲು ಕಿತ್ತುಹೋಗಿ ರಕ್ತಕ್ಕೆ ಗರಸು ಮೆತ್ತಿಕೊಂಡ ಕೈ. ಅಮರಮ್ಮ ಅದನ್ನು ನೋಡಿದಳು.

"ಮಾರೆವ್ವಾ," ಎಂದು ಕೂಗಿದಳು. "ಇಲ್ಲಿ ಬಾ. ನೀ ಕೈ ಕೊಡು."

ಮಾರೆಮ್ಮ ಹೆಂಗಸರ ಗುಂಪಿನಿಂದ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಕಣ ದಾಟಿ ಬರುವವರೆಗೂ ಮಗನ ಆ ಕೈ ಅಮರಮ್ಮನ ಮುಖದ ಮುಂದೆ ಹಾಗೇ ಚಾಚಿಕೊಂಡಿತ್ತು.